ಗುಡ್ಡಕ್ಕೊಂದು ಲೆಕ್ಕ, ಹೆದ್ದಾರಿಗೊಂದು ಲೆಕ್ಕ

ಚಿತ್ರದುರ್ಗದಿಂದ ದಾವಣಗೆರೆ ಕಡೆ ಹೊರಟ ಬಸ್ಸು ಕೋಟೆಯ ಕಲ್ಲುಬೆಟ್ಟಗಳನ್ನು ಹಿಂದೆ ಬಿಟ್ಟು ಸುಮಾರು 25 ಕಿ.ಮೀ. ಬಂದರೆ ಭರಮಸಾಗರ ಸಿಗುತ್ತದೆ. ಹಳಬರ ಬಾಯಲ್ಲಿ ಇದು ಇಂದಿಗೂ ಪೂನಾ-ಬೆಂಗಳೂರು ರಸ್ತೆಯ ಊರು. ಸರ್ಕಾರದ ದಾಖಲೆಯಲ್ಲಿ ಮೊದಲು ರಾಷ್ಟ್ರೀಯ ಹೆದ್ದಾರಿ 4 ಎಂದಿದ್ದ ಈ ರಸ್ತೆ 2010ರ ಮರುಸಂಖ್ಯೆಯಲ್ಲಿ 48 ಆಯಿತು. ಊರಿನ ಹೆಸರಿನಲ್ಲೇ ಸಾಗರವಿದೆ. ಚಿತ್ರದುರ್ಗದ ಪಾಳೆಯಗಾರ ಬಿಚ್ಚುಗತ್ತಿ ಭರಮಣ್ಣ ನಾಯಕನ ಹೆಸರು ಊರಿಗೂ ಕೆರೆಗೂ ಅಂಟಿಕೊಂಡಿದೆ ಎಂದು ಹಿರಿಯರು ಹೇಳುತ್ತಾರೆ. ಬಹಳ ವರ್ಷ ಬರೀ ಜಾಲಿ ಬೆಳೆದು ನಿಂತಿದ್ದ ಕೆರೆಯ ಅಂಗಳಕ್ಕೆ 2021ರಲ್ಲಿ ಏತ ನೀರಾವರಿಯ ಪೈಪುಗಳ ಮೂಲಕ ತುಂಗಭದ್ರೆಯ ನೀರು ಬಂದಿತು. ಆ ದಿನ ಏರಿಯ ಮೇಲೆ ನಿಂತು ನೀರು ನೋಡಿದವರಲ್ಲಿ ಅರ್ಧ ಜನರ ಕಣ್ಣಲ್ಲೂ ನೀರಿತ್ತು.

ಈ ಸೀಮೆಯಲ್ಲಿ ಎರಡು ಬಗೆಯ ನೆಲ. ದಾವಣಗೆರೆಯ ದಿಕ್ಕಿಗೆ ಎರೆಭೂಮಿ. ಹೊಳಲ್ಕೆರೆಯ ದಿಕ್ಕಿಗೆ ಕಲ್ಲು, ಗರಸು ತುಂಬಿದ ಮಸಾರಿ ಮತ್ತು ಕುರುಚಲು ಗುಡ್ಡಗಳ ಸಾಲು. ಎರೆಯಲ್ಲಿ ಮೆಕ್ಕೆಜೋಳ, ಹತ್ತಿ. ಮಸಾರಿಯಲ್ಲಿ ಈರುಳ್ಳಿ, ಶೇಂಗಾ. ಬೆಳೆದದ್ದೆಲ್ಲ ಕೊನೆಗೆ ಹೆದ್ದಾರಿಗೇ ಬರಬೇಕು. ಗುಡ್ಡದ ಓರೆಯ ಹೊಲದಿಂದ ಡಾಂಬರಿನ ತನಕ ಇರುವ ಆ ನಾಲ್ಕಾರು ಮೈಲಿಯೇ ರೈತನಿಗೆ ಕಠಿಣ. ಡಾಂಬರು ಮುಟ್ಟಿದ ಮೇಲೆ ಬೆಂಗಳೂರಾದರೂ ಒಂದೇ, ದಾವಣಗೆರೆಯಾದರೂ ಒಂದೇ.

ಹೆದ್ದಾರಿಯ ಊರೆಂದ ಮೇಲೆ ಗ್ಯಾರೇಜುಗಳು ಇರಲೇಬೇಕು. ಪಂಕ್ಚರ್ ಅಂಗಡಿ, ವೆಲ್ಡಿಂಗ್, ಪಾಟಿ ಕಟ್ಟುವವರು, ಲೇತ್ ಇಟ್ಟವರು ಹೀಗೆ ಸಾಲಾಗಿ ಸಿಗುತ್ತಾರೆ. ವಿಜ್ಞಾನದ ಮೇಷ್ಟ್ರಾಗಿ ನನಗೆ ಇವು ಪ್ರಯೋಗಶಾಲೆಯ ಇನ್ನೊಂದು ಕೊಠಡಿ ಇದ್ದ ಹಾಗೆ. ನಮ್ಮ ಶಾಲೆಯ ಬೀರುವಿನಲ್ಲಿ ಇಲ್ಲದ ಎಷ್ಟೋ ಉಪಕರಣಗಳು ಇಲ್ಲಿ ಎಣ್ಣೆ ಬಳಿದುಕೊಂಡು ನೆಲದ ಮೇಲೆ ಬಿದ್ದಿರುತ್ತವೆ. ಕೆಲವು ವರ್ಷಗಳಿಂದ ಹತ್ತನೇ ತರಗತಿಯ ಮಕ್ಕಳನ್ನು, ಹುಡುಗಿಯರನ್ನೂ ಸೇರಿಸಿ, ಇಲ್ಲಿಗೆ ಕರೆತರುವುದು ನನ್ನ ರೂಢಿ. "ಹೆಣ್ಣುಮಕ್ಕಳಿಗೆ ಗ್ಯಾರೇಜಿನಲ್ಲೇನು ಕೆಲಸ?" ಎಂದು ಕೇಳಿದ ಪಾಲಕರೂ ಇದ್ದಾರೆ. ಅವರಿಗೆ ಉತ್ತರ ಈ ಲೇಖನದ ಕೊನೆಯಲ್ಲಿದೆ.

ಸುಟ್ಟ ಕ್ಲಚ್ಚಿನ ವಾಸನೆ

ಕಳೆದ ಮುಂಗಾರಿನಲ್ಲಿ ನಾವು ಹೋದಾಗ ಗ್ಯಾರೇಜಿನ ಮುಂದೆ ಒಂದು ಹಳೆಯ ಫೋರ್ ವೀಲ್ ಪಿಕಪ್ ನಾಲ್ಕೂ ಚಕ್ರ ಕಳಚಿಕೊಂಡು ಮರದ ದಿಮ್ಮಿಗಳ ಮೇಲೆ ಕುಳಿತಿತ್ತು. ಜೀಪಿನ ಮುಖ, ಹಿಂದೆ ಕಬ್ಬಿಣದ ತೊಟ್ಟಿ. ಅದರ ಯಜಮಾನರು ನಮ್ಮ ವಿದ್ಯಾರ್ಥಿಯೊಬ್ಬನ ತಂದೆ. ಅವರ ಹೊಲ ಗುಡ್ಡದ ಓರೆಯಲ್ಲಿದೆ. ಈರುಳ್ಳಿ ಕಿತ್ತ ಮೇಲೆ ಮಳೆ ಹಿಡಿದರೆ ಎರಡು ಮೂರು ದಿನದಲ್ಲಿ ರಾಶಿ ಕೊಳೆಯಲು ಶುರುವಾಗುತ್ತದೆ. ಆ ಎರಡು ಮೂರು ದಿನದಲ್ಲೇ ಗಾಡಿ ಗುಡ್ಡ ಹತ್ತಬೇಕು, ಇಳಿಯಬೇಕು. ಹಿಂದಿನ ಎರಡು ಸುಗ್ಗಿಯಲ್ಲೂ ಸರಿಯಾಗಿ ಅದೇ ಹೊತ್ತಿಗೆ ಕ್ಲಚ್ ಪ್ಲೇಟು ಸುಟ್ಟು ಗಾಡಿ ನಿಂತಿತ್ತು.

"ಎಂಜಿನ್ ಗಟ್ಟಿ ಐತೆ ಮೇಷ್ಟ್ರೇ. ಆದ್ರೆ ಗುಡ್ಡದಾಗೆ ಫಸ್ಟ್ ಗೇರ್ ಹಾಕಿದ್ರೂ ಗಾಡಿ ಓಡಾಕೆ ನೋಡ್ತೈತೆ, ನಿಧಾನಕ್ಕೆ ಹತ್ತಂಗಿಲ್ಲ. ಕಲ್ಲು ಬಂದಾಗೆಲ್ಲ ಅರ್ಧ ಕ್ಲಚ್ ಒತ್ಕಂಡೇ ಇರ್ಬೇಕು" ಎಂದರು.

ಅವರ ಮುಂದೆ ಎರಡು ದಾರಿ ಇದ್ದವು. ಹಳೆಯ ಗಾಡಿಯನ್ನು ಬಂದ ಬೆಲೆಗೆ ಮಾರಿ, ಕಂತಿನ ಮೇಲೆ ಹೊಸದನ್ನು ತರುವುದು ಒಂದು. ಮಗನ ಪಿಯುಸಿಗೆಂದು ಕೂಡಿಟ್ಟ ಹಣ ಅದಕ್ಕೆ ಹೋಗುತ್ತಿತ್ತು. ಇನ್ನೊಂದು ಮೇಸ್ತ್ರಿ ಹೇಳಿದ ದಾರಿ: ಅದೇ ಕಂಪನಿಯ, ಅದೇ ಅಳತೆಯ ಹಳೆಯ ಜೀಪೊಂದರ ಹಿಂದು-ಮುಂದಿನ ಎರಡೂ ಆಕ್ಸಲ್‌ಗಳನ್ನು ತಂದು ಕೂರಿಸುವುದು. "ಆ ಆಕ್ಸಲ್ ಹಾಕಿದ್ರೆ ಗಾಡಿ ಎತ್ತಿನಂಗೆ ಹತ್ತುತ್ತೆ. ಆದ್ರೆ ರೋಡಲ್ಲಿ ಕುದುರೆ ಥರ ಓಡಲ್ಲ. ಯೋಚ್ನೆ ಮಾಡಿ" ಎಂದು ಮೇಸ್ತ್ರಿ ಮೊದಲೇ ಬಿಡಿಸಿ ಹೇಳಿದ್ದರು. ಯಜಮಾನರಿಗೆ ಎಷ್ಟು ಲಾಭ, ಎಷ್ಟು ನಷ್ಟ ಎಂಬುದು ತಿಳಿಯಬೇಕಿತ್ತು. ಆ ಲೆಕ್ಕವನ್ನು ನಮ್ಮ ಮಕ್ಕಳು ಗ್ಯಾರೇಜಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಮಾಡಿದರು.

ಕುಂಬಳಕಾಯಿಯೊಳಗಿನ ಗಣಿತ

ಯಾವುದೇ ಲಾರಿ, ಜೀಪಿನ ಹಿಂದೆ ಬಗ್ಗಿ ನೋಡಿ. ಎರಡು ಚಕ್ರಗಳ ನಡುವೆ ಕುಂಬಳಕಾಯಿಯಂಥ ಕಬ್ಬಿಣದ ಗುಂಡು ಕಾಣುತ್ತದೆ. ಇದನ್ನು ಗ್ಯಾರೇಜಿನಲ್ಲಿ ಹೌಸಿಂಗ್ ಎನ್ನುತ್ತಾರೆ. ಒಳಗೆ ಒಂದು ದೊಡ್ಡ ಹಲ್ಲುಚಕ್ರ, ಅದನ್ನು ತಿರುಗಿಸಲು ಒಂದು ಚಿಕ್ಕ ಹಲ್ಲುಚಕ್ರ. ದೊಡ್ಡದು ಕ್ರೌನ್, ಚಿಕ್ಕದು ಪಿನಿಯನ್. ಎಂಜಿನ್ನಿನಿಂದ ಬಂದ ಉದ್ದನೆಯ ಶಾಫ್ಟು ಪಿನಿಯನ್ನನ್ನು ತಿರುಗಿಸುತ್ತದೆ, ಪಿನಿಯನ್ ಕ್ರೌನನ್ನು, ಕ್ರೌನ್ ಚಕ್ರಗಳನ್ನು.

ಮೇಸ್ತ್ರಿ ಎರಡೂ ಹೌಸಿಂಗಿನ ಮುಚ್ಚಳ ತೆಗೆದು, ದಪ್ಪ ಎಣ್ಣೆಯನ್ನು ಡಬ್ಬಕ್ಕೆ ಇಳಿಸಿ, ಹಲ್ಲು ಎಣಿಸಲು ಮಕ್ಕಳಿಗೆ ಬಿಟ್ಟುಕೊಟ್ಟರು. ಹಳೆಯದರಲ್ಲಿ ಕ್ರೌನಿಗೆ 47 ಹಲ್ಲು, ಪಿನಿಯನ್ನಿಗೆ 11. ಭಾಗಿಸಿದರೆ 4.27. ಅಂದರೆ ಶಾಫ್ಟು 4.27 ಸುತ್ತು ತಿರುಗಿದಾಗ ಚಕ್ರ ಒಂದು ಸುತ್ತು. ಹೊಸದಾಗಿ ತಂದದ್ದರಲ್ಲಿ ಕ್ರೌನಿಗೆ 43, ಪಿನಿಯನ್ನಿಗೆ 8. ಭಾಗಿಸಿದರೆ 5.375, ಮೇಸ್ತ್ರಿಗಳ ಬಾಯಲ್ಲಿ "ಐದು ಮೂವತ್ತೆಂಟು". ಅನುಪಾತದ ಸಂಖ್ಯೆ ಏರಿದರೆ ಗೇರ್ "ಇಳಿಯಿತು" ಎನ್ನುತ್ತಾರೆ. ವೇಗ ಇಳಿಯುವುದರಿಂದ ಈ ಮಾತು ಬಂದಿದೆ. ಮಕ್ಕಳು ಇಲ್ಲಿ ಗೊಂದಲಕ್ಕೆ ಬೀಳಬಾರದು.

5.375ನ್ನು 4.27ರಿಂದ ಭಾಗಿಸಿದರೆ ಸುಮಾರು 1.26. ಅದೇ ಎಂಜಿನ್, ಅದೇ ಗೇರ್ ಬಾಕ್ಸ್; ಆದರೂ ಚಕ್ರವನ್ನು ತಿರುಗಿಸುವ ಬಲ ನೂರಕ್ಕೆ 26ರಷ್ಟು ಹೆಚ್ಚು. ಇದು ಎಲ್ಲಿಂದ ಬಂತು? ಪುಕ್ಕಟೆ ಬರಲಿಲ್ಲ. ವೇಗವನ್ನು ಕೊಟ್ಟು ಬಲವನ್ನು ಕೊಂಡದ್ದು, ಅಷ್ಟೆ. ಸನ್ನೆ, ರಾಟೆ, ಇಳಿಜಾರು ಎಂಬ ಸರಳ ಯಂತ್ರಗಳ ಪಾಠ ಎಲ್ಲರೂ ಓದಿದ್ದೇವೆ. ಚಿತ್ರದುರ್ಗದ ಕೋಟೆ ಕಟ್ಟಿದವರು ಬಂಡೆಗಳನ್ನು ನೇರ ಮೇಲಕ್ಕೆ ಎತ್ತುವ ಬದಲು ಓರೆಯ ದಾರಿಯಲ್ಲಿ ದೂರ ಎಳೆದರೆ ಕಡಿಮೆ ಬಲ ಸಾಕೆಂಬುದನ್ನು ಬಲ್ಲವರೇ. ಹಲ್ಲುಚಕ್ರವೆಂದರೆ ಆ ಓರೆಯ ದಾರಿಯನ್ನೇ ದುಂಡಗೆ ಸುತ್ತಿಟ್ಟಂತೆ.

ಇನ್ನೊಂದು ಸೂಕ್ಷ್ಮ ನೋಡಿ. 47 ಮತ್ತು 11, 43 ಮತ್ತು 8, ಇವುಗಳಿಗೆ 1ನ್ನು ಬಿಟ್ಟು ಸಾಮಾನ್ಯ ಅಪವರ್ತನವಿಲ್ಲ. ಇದು ಆಕಸ್ಮಿಕವಲ್ಲ. 40 ಮತ್ತು 8 ಹಲ್ಲು ಇಟ್ಟಿದ್ದರೆ ಪಿನಿಯನ್ನಿನ ಒಂದೊಂದು ಹಲ್ಲೂ ಜೀವಮಾನವೆಲ್ಲ ಕ್ರೌನಿನ ಅವೇ ಐದು ಹಲ್ಲುಗಳನ್ನು ಉಜ್ಜುತ್ತಿತ್ತು. ಒಂದು ಹಲ್ಲಿನಲ್ಲಿ ಊನವಿದ್ದರೆ ಅದರ ಜತೆಗಾರರು ಬೇಗ ಹಾಳಾಗುತ್ತಿದ್ದವು. 43 ಮತ್ತು 8ರ ಲ.ಸಾ.ಅ. 344. ಆದ್ದರಿಂದ ಒಮ್ಮೆ ಕೂಡಿದ ಎರಡು ಹಲ್ಲುಗಳು ಮತ್ತೆ ಕೂಡುವುದು ಕ್ರೌನ್ 8 ಸುತ್ತು, ಪಿನಿಯನ್ 43 ಸುತ್ತು ಮುಗಿಸಿದ ಮೇಲೆ. ಅಷ್ಟರಲ್ಲಿ ಪ್ರತಿ ಹಲ್ಲೂ ಎದುರಿನ ಎಲ್ಲ ಹಲ್ಲುಗಳನ್ನೂ ಮುಟ್ಟಿ ಬಂದಿರುತ್ತದೆ. ಸವೆತ ಎಲ್ಲರಿಗೂ ಸಮನಾಗಿ ಹಂಚಿಹೋಗುತ್ತದೆ. "ಲ.ಸಾ.ಅ. ಎಲ್ಲಿ ಉಪಯೋಗಕ್ಕೆ ಬರುತ್ತೆ ಸಾರ್?" ಎಂದು ಎಂಟನೇ ತರಗತಿಯಿಂದ ಕೇಳುತ್ತಿದ್ದವನೊಬ್ಬ ಆ ದಿನ ಸುಮ್ಮನಾದ.

ಹತ್ತು ನಿಮಿಷದ ಬೆಲೆ

ಟೈರಿನ ಮೇಲೆ ಸೀಮೆಸುಣ್ಣದ ಗುರುತು ಹಾಕಿ ನೆಲದ ಮೇಲೆ ಒಂದು ಸುತ್ತು ಉರುಳಿಸಿ ಅಳೆದೆವು. ಸುಮಾರು 2.2 ಮೀಟರ್ ಬಂದಿತು. ಟಾಪ್ ಗೇರಿನಲ್ಲಿ ಗೇರ್ ಬಾಕ್ಸಿನ ಅನುಪಾತ 1. ಎಂಜಿನ್ ನಿಮಿಷಕ್ಕೆ 2000 ಸುತ್ತು ತಿರುಗಿದರೆ ಹಳೆಯ ಆಕ್ಸಲ್‌ನಲ್ಲಿ ಚಕ್ರ ಸುಮಾರು 468 ಸುತ್ತು ತಿರುಗಿ, ಗಾಡಿ ಗಂಟೆಗೆ ಸುಮಾರು 62 ಕಿ.ಮೀ. ಓಡುತ್ತದೆ. ಹೊಸದರಲ್ಲಿ ಚಕ್ರಕ್ಕೆ 372 ಸುತ್ತು, ವೇಗ ಸುಮಾರು 49 ಕಿ.ಮೀ.

ದಾವಣಗೆರೆಯ ಮಾರುಕಟ್ಟೆ 40 ಕಿ.ಮೀ. ಎಂದಿಟ್ಟುಕೊಂಡರೆ ಮೊದಲು 39 ನಿಮಿಷ ಹಿಡಿಯುತ್ತಿದ್ದದ್ದು ಇನ್ನು 49 ನಿಮಿಷ. ನಷ್ಟ ಹತ್ತು ನಿಮಿಷ. ಯಜಮಾನರು ನಕ್ಕು, "ಹತ್ತು ನಿಮಿಷ ಅಂದ್ರೆ ಒಂದು ಟೀ" ಎಂದರು.

ಈಗ ಗುಡ್ಡದ ಲೆಕ್ಕ. ಲೋಡು ಸೇರಿ ಗಾಡಿಯ ತೂಕ 2000 ಕಿಲೋ ಎನ್ನೋಣ. ದಾರಿಯಲ್ಲಿ ಐದು ಮೀಟರ್ ನಡೆದರೆ ಒಂದು ಮೀಟರ್ ಏರುವ ಕಡಿದಾದ ಚಡಾವು. ಗುರುತ್ವವನ್ನು ಎದುರಿಸಲು ಬೇಕಾದ ಬಲ 2000 × 9.8 ÷ 5, ಅಂದರೆ 3920 ನ್ಯೂಟನ್. ಈ ಚಡಾವನ್ನು ಗಂಟೆಗೆ 30 ಕಿ.ಮೀ. ವೇಗದಲ್ಲಿ ಹತ್ತಬೇಕಾದರೆ ಸುಮಾರು 44 ಅಶ್ವಶಕ್ತಿ ಬೇಕು. 10 ಕಿ.ಮೀ. ವೇಗಕ್ಕೆ 15 ಸಾಕು. 5 ಕಿ.ಮೀ. ವೇಗಕ್ಕೆ ಬರೀ 7. ಕಲ್ಲು, ಕೆಸರಿನ ಎಳೆತವನ್ನು ಇದಕ್ಕೆ ಕೂಡಿಸಿಕೊಳ್ಳಬೇಕು, ಆದರೆ ತತ್ವ ಅದೇ. ಮುದಿ ಎಂಜಿನ್ನೂ ಗುಡ್ಡ ಹತ್ತಬಲ್ಲದು. ಅದಕ್ಕೆ ನಿಧಾನವಾಗಿ ಹತ್ತುವ ಅವಕಾಶ ಕೊಡಬೇಕು.

ಅವಕಾಶ ಕೊಡುವುದು ಗೇರಿನ ಕೆಲಸ. ಹಳೆಯ ವಿಲ್ಲೀಸ್ ಮಾದರಿಯ ಜೀಪುಗಳಲ್ಲಿ ಫಸ್ಟ್ ಗೇರಿನ ಅನುಪಾತ 2.8, ಫೋರ್ ವೀಲಿನ ಜತೆ ಬರುವ ಲೋ ಗೇರಿನದು 2.46. ಇವೆರಡನ್ನೂ ಆಕ್ಸಲ್‌ನ ಅನುಪಾತದಿಂದ ಗುಣಿಸಬೇಕು. 4.27 ಇದ್ದರೆ ಒಟ್ಟು 29.4, 5.375 ಇದ್ದರೆ 37. ಎಂಜಿನ್ ನಿಮಿಷಕ್ಕೆ 1000 ಸುತ್ತಿನಲ್ಲಿ ಆರಾಮವಾಗಿ ತಿರುಗುತ್ತಿರುವಾಗ ಗಾಡಿ ಗಂಟೆಗೆ 3.6 ಕಿ.ಮೀ. ನಡೆಯುತ್ತದೆ. ಇದು ನೊಗ ಹೊತ್ತ ಎತ್ತಿನ ನಡಿಗೆ. ಕಲ್ಲು ಬಂದರೂ ಕ್ಲಚ್ ಮುಟ್ಟಬೇಕಿಲ್ಲ. ಅರ್ಧ ಕ್ಲಚ್ ಒತ್ತಿ ಹಿಡಿದಾಗ ಪ್ಲೇಟುಗಳು ಒಂದನ್ನೊಂದು ಉಜ್ಜಿ, ಗುಡ್ಡಕ್ಕೆ ಹೋಗಬೇಕಾದ ಶಕ್ತಿ ಶಾಖವಾಗಿ ಸುಟ್ಟುಹೋಗುತ್ತದೆ. ಯಜಮಾನರ ಮೂಗಿಗೆ ಎರಡು ಸುಗ್ಗಿ ಬಡಿದದ್ದು ಅದೇ ವಾಸನೆ.

ಯುದ್ಧದಿಂದ ಹೊಲಕ್ಕೆ

ಈ ಬದಲಾವಣೆ ನಮ್ಮ ಊರಿನ ಮೇಸ್ತ್ರಿ ಕಂಡುಹಿಡಿದದ್ದೇನಲ್ಲ. ಜೀಪಿನ ಚರಿತ್ರೆಯಲ್ಲೇ ಇದೆ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯ ಬಳಸಿದ ವಿಲ್ಲೀಸ್ ಜೀಪಿನ ಆಕ್ಸಲ್ ಅನುಪಾತ 4.88. ಫಸ್ಟ್ ಗೇರ್ 2.665, ಲೋ ಗೇರ್ 1.97, ಎಲ್ಲ ಗುಣಿಸಿದರೆ ಸುಮಾರು 25.6. ಯುದ್ಧ ಮುಗಿದ 1945ರಲ್ಲಿ ಅದೇ ಕಂಪನಿ ರೈತರಿಗೆಂದು ಜೀಪ್ ಹೊರತಂದಿತು. ನೇಗಿಲು ಎಳೆಯಬೇಕು, ಹೊಲದಲ್ಲಿ ನಿಧಾನ ನಡೆಯಬೇಕು ಎಂದು ಆಕ್ಸಲ್ ಅನುಪಾತವನ್ನು 5.38ಕ್ಕೆ ಏರಿಸಿ, ಗೇರ್ ಬಾಕ್ಸನ್ನೂ ಬದಲಿಸಿದರು. ಒಟ್ಟು ಅನುಪಾತ 37ರ ಹತ್ತಿರಕ್ಕೆ ಬಂತು. ಸೈನಿಕನಿಗೆ ಓಟ ಬೇಕಿತ್ತು, ರೈತನಿಗೆ ಎಳೆತ ಬೇಕಿತ್ತು.

ಅದೇ ವಂಶದ ಜೀಪುಗಳನ್ನು ಮಹೀಂದ್ರಾ ಕಂಪನಿ 1940ರ ದಶಕದ ಕೊನೆಯ ಹೊತ್ತಿಗೆ ಮುಂಬಯಿಯಲ್ಲಿ ಜೋಡಿಸಲಾರಂಭಿಸಿ, ಮುಂದೆ ಇಲ್ಲೇ ತಯಾರಿಸಿತು. ಬೋನೆಟ್ ಎತ್ತರವಿರುವ ಸಿಜೆ-3ಬಿ ಮಾದರಿ ಅಮೆರಿಕದಲ್ಲಿ ಹೊರಬಂದದ್ದು 1953ರಲ್ಲಿ. ನಮ್ಮಲ್ಲಿ ಅದರ ರೂಪ ದಶಕಗಟ್ಟಲೆ ಉಳಿಯಿತು. ಸರ್ಕಾರಿ ಕಚೇರಿ, ಅರಣ್ಯ ಇಲಾಖೆ, ಚುನಾವಣಾ ಪ್ರಚಾರ, ಮದುವೆ ದಿಬ್ಬಣ ಎಲ್ಲಕ್ಕೂ ಅದೇ ಗಾಡಿ. ಅದರ ಬಿಡಿಭಾಗಗಳು ಇಂದಿಗೂ ಸಂತೆಯ ಸಾಮಾನಿನಂತೆ ಸಿಗುವುದು ಇದರಿಂದಲೇ.

ಮೇಸ್ತ್ರಿಯ ಶಿಸ್ತು

ಬರೀ ಕ್ರೌನ್-ಪಿನಿಯನ್ ಬದಲಿಸಿದರೆ ಸಾಲದೇ, ಇಡೀ ಆಕ್ಸಲ್ ಏಕೆ ಎಂದು ಮಕ್ಕಳು ಕೇಳಿದರು. ಕ್ರೌನೂ ಪಿನಿಯನ್ನೂ ಕಾರ್ಖಾನೆಯಲ್ಲಿ ಜೋಡಿಯಾಗಿಯೇ ಉಜ್ಜಿ ಹೊಂದಿಸಿದವು. ಒಂದರ ಜೋಡಿ ಇನ್ನೊಂದಕ್ಕೆ ಆಗದು. ಹಲ್ಲುಗಳ ನಡುವೆ ಬಿಡುವು ಕೂದಲೆಳೆಯಷ್ಟು. ಬಿಡುವು ಹೆಚ್ಚಾದರೆ ಗಾಡಿ ಗುಂಯ್‌ಗುಡುತ್ತದೆ, ಕಡಿಮೆಯಾದರೆ ಕಾದು ಹಲ್ಲು ಕಚ್ಚುತ್ತದೆ. ತೆಳು ಬಿಲ್ಲೆಗಳನ್ನು ಒಳಗಿಟ್ಟು, ಹಲ್ಲಿಗೆ ಬಣ್ಣ ಬಳಿದು, ಗುರುತು ನಡುವೆ ಬೀಳುವ ತನಕ ಹೊಂದಿಸಬೇಕು. ಮೊದಲೇ ಹೊಂದಿಕೊಂಡು ಓಡಿದ ಆಕ್ಸಲನ್ನು ಇಡಿಯಾಗಿ ತಂದರೆ ಈ ತೊಡಕು ತಪ್ಪುತ್ತದೆ. ಆದರೆ ಅಗಲ, ಪಾಟಾ ಕೂರುವ ಜಾಗ, ಬ್ರೇಕ್ ಡ್ರಮ್ಮಿನ ಅಳತೆ ಎಲ್ಲ ಒಂದೇ ಇರಬೇಕು. ಮೇಸ್ತ್ರಿ ಪ್ರತಿಯೊಂದನ್ನೂ ಟೇಪು ಹಿಡಿದು ಅಳೆದರು. ಪಾಟಾ ಬಿಗಿಯುವ ಯು-ಬೋಲ್ಟು, ಎಣ್ಣೆ ತಡೆಯುವ ಸೀಲು, ಬ್ರೇಕಿನ ರಬ್ಬರು ಎಲ್ಲ ಹೊಸತು ತರಿಸಿದರು.

ಖರ್ಚು ಉಳಿಸಲು ಹಿಂದಿನದನ್ನು ಮಾತ್ರ ಬದಲಿಸಬಾರದೇ? ಕೂಡದು. ಫೋರ್ ವೀಲ್ ಹಾಕಿದಾಗ ಹಿಂದು-ಮುಂದಿನ ಶಾಫ್ಟುಗಳು ಒಂದೇ ವೇಗದಲ್ಲಿ ತಿರುಗುತ್ತವೆ. ಹಿಂದೆ 5.38, ಮುಂದೆ 4.27 ಇದ್ದರೆ ಮುಂದಿನ ಚಕ್ರ ಓಡಲು, ಹಿಂದಿನದು ತಡೆಯಲು ನೋಡುತ್ತದೆ. ವೇಗ ಬೇರೆ ಬೇರೆಯಾದ ಎರಡು ಎತ್ತುಗಳನ್ನು ಒಂದೇ ನೊಗಕ್ಕೆ ಕಟ್ಟಿದ ಹಾಗೆ. ಟೈರು ಜಾರದಿದ್ದರೆ ಯಾವುದಾದರೂ ಗೇರು ಮುರಿಯುತ್ತದೆ.

ಇನ್ನೊಂದು ಎಚ್ಚರಿಕೆಯನ್ನು ಮೇಸ್ತ್ರಿ ಯಜಮಾನರಿಗೆ ಎರಡು ಸಲ ಹೇಳಿದರು: "ಎಳಿತೈತೆ ಅಂತ ಲೋಡ್ ಜಾಸ್ತಿ ಹಾಕ್ಬೇಡಿ." ಚಕ್ರಕ್ಕೆ ಬಲ ಮುಟ್ಟಿಸುವ ಅಡ್ಡ ಶಾಫ್ಟಿಗೆ ಈಗ ನೂರಕ್ಕೆ 26ರಷ್ಟು ಹೆಚ್ಚು ತಿರುಚುವಿಕೆ ಬೀಳುತ್ತದೆ, ಎಂಟು ಹಲ್ಲಿನ ಪಿನಿಯನ್ ಹನ್ನೊಂದು ಹಲ್ಲಿನದಕ್ಕಿಂತ ಚಿಕ್ಕದು. ಬ್ರೇಕು ಮಾತ್ರ ಹಳೆಯದೇ ಶಕ್ತಿಯದು. ಲೋ ಗೇರಿನಿಂದ ಇಳಿಜಾರಿನಲ್ಲಿ ಎಂಜಿನ್ನೇ ಗಾಡಿಯನ್ನು ಹಿಡಿದಿಡುತ್ತದೆ ಎಂಬುದು ನಿಜ, ಆದರೆ ಗೇರು ಜಾರಿದರೆ ಉಳಿಯುವುದು ಬ್ರೇಕೊಂದೇ. ಚೆಂದಕ್ಕೆಂದು ದೊಡ್ಡ ಟೈರು ಹಾಕುವವರೂ ಇದ್ದಾರೆ. ಟೈರಿನ ಸುತ್ತಳತೆ ಹೆಚ್ಚಿದಷ್ಟೂ ಆಕ್ಸಲ್ ಬದಲಿಸಿ ಗಳಿಸಿದ ಬಲ ಕರಗುತ್ತದೆ.

ಕಾನೂನಿನ ಮಾತೂ ಇದೆ. ತಯಾರಕರು ನಮೂದಿಸಿದ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಂ ತಡೆಯುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದಿದೆ. ಕೆಲಸಕ್ಕೆ ಕೈಹಾಕುವ ಮುನ್ನವೇ ಆರ್‌ಟಿಓ ಕಚೇರಿಯಲ್ಲಿ ವಿಚಾರಿಸಿಕೊಳ್ಳುವುದು ಎಲ್ಲರಿಗೂ ಕ್ಷೇಮ. ನಮ್ಮ ಯಜಮಾನರು ಹಾಗೆ ಕೇಳಿಕೊಂಡು ಬಂದ ಮೇಲೆಯೇ ದಿಮ್ಮಿ ಇಟ್ಟು ಗಾಡಿ ಎತ್ತಿದ್ದು.

ಗುಡ್ಡದ ಮೇಲಿನ ಇನ್ನೊಂದು ಗೇರು

ಕೆಲಸ ಮುಗಿದ ನಂತರದ ಭಾನುವಾರ ನಾವು ಆ ಹೊಲಕ್ಕೆ ಹೋದೆವು. ಡಾಂಬರು ಮುಗಿದಲ್ಲಿ ಬಂಡಿದಾರಿ, ಬಂಡಿದಾರಿ ಮುಗಿದಲ್ಲಿ ಕೊರಕಲು. ಎರಡೂ ಬದಿ ಬಂದ್ರೆ, ಕಾರೆ ಗಿಡ. ಗಾಡಿ ಒಂದೊಂದು ಕಲ್ಲನ್ನೂ ಮುಟ್ಟಿ, ಏರಿ, ಇಳಿದು ಮುಂದೆ ಸಾಗಿತು. ಪಕ್ಕದಲ್ಲಿ ಮಕ್ಕಳು ಮಾತಾಡುತ್ತ ನಡೆದೇ ಬಂದರು, ಯಾರೂ ಓಡಬೇಕಾಗಲಿಲ್ಲ. ಮೇಲೆ ಮುಟ್ಟಿದಾಗ ಯಜಮಾನರು ಮೊದಲು ಬಗ್ಗಿ ಮೂಸಿ ನೋಡಿದರು. ಸುಟ್ಟ ವಾಸನೆ ಇರಲಿಲ್ಲ.

ಅಲ್ಲಿಂದ ದೂರದ ಬೆಟ್ಟಸಾಲಿನ ನೆತ್ತಿಯಲ್ಲಿ ಗಾಳಿಯಂತ್ರಗಳು ಕಾಣುತ್ತವೆ. ಅವುಗಳಲ್ಲಿ ಇದೇ ಪಾಠ ತಲೆಕೆಳಗಾಗಿದೆ. ದೊಡ್ಡ ರೆಕ್ಕೆ ನಿಮಿಷಕ್ಕೆ 15 ಸುತ್ತು ತಿರುಗಿದರೆ, ಒಳಗಿನ ಜನರೇಟರಿಗೆ 1500 ಸುತ್ತಿನ ಹತ್ತಿರ ಬೇಕು. ಅಲ್ಲಿ ಗೇರ್ ಬಾಕ್ಸು ಬಲವನ್ನು ಕೊಟ್ಟು ವೇಗವನ್ನು ಕೊಳ್ಳುತ್ತದೆ, ನೂರು ಪಟ್ಟು. ಗೇರ್ ಬಾಕ್ಸೇ ಇಲ್ಲದ ಮಾದರಿಗಳೂ ಇವೆ. ಅವುಗಳ ಜನರೇಟರನ್ನೇ ನಿಧಾನವಾಗಿ ತಿರುಗುವಂತೆ ದೊಡ್ಡದಾಗಿ ಕಟ್ಟಿರುತ್ತಾರೆ. ಒಂದೇ ಗುಡ್ಡದಲ್ಲಿ ನಿಂತು ಎರಡೂ ಪಾಠ ಹೇಳಬಹುದಾದ ಜಾಗ ನಮ್ಮ ಜಿಲ್ಲೆಯಷ್ಟು ಸುಲಭವಾಗಿ ಇನ್ನೆಲ್ಲಿ ಸಿಕ್ಕೀತು?

ಈಗ ಪಾಲಕರಿಗೆ ಕೊಡಬೇಕಾದ ಉತ್ತರ. ಗ್ಯಾರೇಜಿನಲ್ಲಿ ಲೆಕ್ಕವೆಲ್ಲ ಮುಗಿದು ಎಲ್ಲರೂ ಕೈ ಒರೆಸಿಕೊಳ್ಳುತ್ತಿದ್ದಾಗ, ಹಿಂದೆ ನಿಂತಿದ್ದ ಹುಡುಗಿಯೊಬ್ಬಳು ಕೇಳಿದಳು: "ಸಾರ್, ಸ್ಪೀಡೋಮೀಟರಿನ ಕೇಬಲ್ ಆಕ್ಸಲ್‌ಗಿಂತ ಮುಂಚೆ ಇದೆಯಲ್ಲ. ಆಕ್ಸಲ್ ಬದಲಾಗಿದ್ದು ಅದಕ್ಕೆ ಹೇಗೆ ಗೊತ್ತಾಗುತ್ತೆ?" ಮೇಸ್ತ್ರಿ ಸ್ಪ್ಯಾನರ್ ಕೆಳಗಿಟ್ಟರು. ಕೇಬಲ್ಲು ಶಾಫ್ಟಿನ ಸುತ್ತನ್ನು ಎಣಿಸುತ್ತದೆಯೇ ಹೊರತು ಚಕ್ರದ ಸುತ್ತನ್ನಲ್ಲ. ಗಾಡಿ 49ರಲ್ಲಿ ಹೋಗುವಾಗ ಮೀಟರು 62 ಎನ್ನುತ್ತದೆ. ನೂರು ಕಿಲೋಮೀಟರ್ ಓಡಿದರೆ 126 ಎಂದು ಬರೆದುಕೊಳ್ಳುತ್ತದೆ. ಆ ಮೀಟರನ್ನು ನಂಬಿ ಡೀಸೆಲ್ ಲೆಕ್ಕ ಹಾಕಿದರೆ, ಗಾಡಿ ಮೊದಲಿಗಿಂತ ಹೆಚ್ಚು ಮೈಲೇಜು ಕೊಡುತ್ತಿದೆಯೆಂದು ಯಜಮಾನರು ಸುಮ್ಮನೆ ಹಿಗ್ಗಬೇಕು. ಅವಳು ಅಲ್ಲೇ ಕೂತು ಪರಿಹಾರವನ್ನೂ ಹುಡುಕಿದಳು: 62ರ ಐದನೇ ಒಂದು ಭಾಗ ಸುಮಾರು 12, ಕಳೆದರೆ 50, ನಿಜವಾದ ವೇಗದ ಹತ್ತಿರಕ್ಕೆ ಬರುತ್ತದೆ.

ಕೇಬಲ್ಲಿನ ಬುಡದ ಪುಟ್ಟ ಹಲ್ಲುಚಕ್ರ ಬದಲಿಸುವವರೆಗೆ ಇರಲಿ ಎಂದು ಮೇಸ್ತ್ರಿ ಅವಳ ಕೈಯಲ್ಲೇ ಒಂದು ಚೀಟಿ ಬರೆಸಿ ಮೀಟರಿನ ಕೆಳಗೆ ಅಂಟಿಸಿದರು. ಈರುಳ್ಳಿ ಸುಗ್ಗಿ ಮುಗಿದರೂ ಅದು ಅಲ್ಲೇ ಇತ್ತು: "ತೋರಿಸಿದ್ದರಲ್ಲಿ ಐದರಲ್ಲೊಂದು ಪಾಲು ಕಳೆಯಿರಿ."